ಮಾಡಿದವರ ಹೆಸರು ಮರದ ಮೇಲೆ: ಹಾಕಬೇಕೆ, ಎಲ್ಲಿ, ಹೇಗೆ?

ಮನೆಯ ಅಟ್ಟದಿಂದ ಹಳೆಯ ಹಿತ್ತಾಳೆ ಚರಿಗೆಯನ್ನೋ ಸ್ಟೀಲಿನ ಡಬರಿಯನ್ನೋ ಕೆಳಗಿಳಿಸಿ ತೊಳೆದರೆ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಕಾಣುತ್ತದೆ. ಯಾರ ಮದುವೆಗೆ ಯಾರು ಕೊಟ್ಟದ್ದು, ಯಾವ ವರ್ಷ ಎಂಬುದೂ ಕೆಲವೊಮ್ಮೆ ಇರುತ್ತದೆ. ಅದೇ ಅಟ್ಟದ ಮೂಲೆಯಲ್ಲಿರುವ ತೊಟ್ಟಿಲನ್ನು ತಿರುಗಿಸಿ ನೋಡಿ. ಅಜ್ಜಿ ಮಲಗಿದ್ದು, ಅಪ್ಪ ಮಲಗಿದ್ದು, ಮಕ್ಕಳು ಮಲಗಿದ್ದು ಅದರಲ್ಲೇ. ಆದರೆ ಅದನ್ನು ಮಾಡಿದವರು ಯಾರೆಂದು ತಿಳಿಯಲು ಅದರ ಮೇಲೆ ಒಂದು ಗೆರೆಯೂ ಇರುವುದಿಲ್ಲ. ಮನೆಯ ಹಿರಿಯರನ್ನು ಕೇಳಿದರೆ ‘ಊರಿನ ಆಚಾರ್ರು ಮಾಡಿಕೊಟ್ಟಿದ್ದು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಯಾವ ಆಚಾರ್ರು, ಯಾವ ಮರ, ಯಾವ ವರ್ಷ ಎಂದು ಹೇಳಬಲ್ಲವರು ಈಗ ಇಲ್ಲ.

ಮರಗೆಲಸದವರು ತಮ್ಮ ಕೆಲಸದ ಮೇಲೆ ಹೆಸರು ಹಾಕಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಹಾಕಬೇಕು. ಬಾಳಿಕೆ ಬರಲೆಂದು ಮಾಡಿದ ಪ್ರತಿಯೊಂದರ ಮೇಲೂ ಹಾಕಬೇಕು. ಹೆಸರು ಹಾಕುವುದೆಂದರೆ ಜಂಬ ಎಂಬ ಭಾವನೆ ನಮ್ಮಲ್ಲಿ ಅನೇಕ ಒಳ್ಳೆಯ ಕೆಲಸಗಾರರಿಗಿದೆ. ನೋಡಲು ಬಂದ ನೆಂಟರಿಗಾಗಿ ಹೆಸರು ಹಾಕುವುದಾದರೆ ಆ ಮಾತು ಸರಿ. ಆದರೆ ಆ ಹೆಸರು ನಿಜವಾಗಿ ಬೇಕಾಗುವುದು ಐವತ್ತು ವರ್ಷದ ನಂತರ ಅದೇ ಮೇಜಿನ ಸಡಿಲಗೊಂಡ ಕಾಲನ್ನು ಬಿಚ್ಚುವ ಇನ್ನೊಬ್ಬ ಬಡಗಿಗೆ, ಮತ್ತು ಆ ಮೇಜನ್ನು ಪಾಲಿಗೆ ಪಡೆದ ಮೊಮ್ಮಗಳಿಗೆ. ಎಲ್ಲಿ ಹಾಕಬೇಕು, ಏನು ಬರೆಯಬೇಕು, ಯಾವುದರಿಂದ ಬರೆಯಬೇಕು ಎಂಬುದೆಲ್ಲ ಈ ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡರೆ ತಾನಾಗಿಯೇ ತೀರ್ಮಾನವಾಗುತ್ತದೆ.

ಕಲ್ಲಿನವರು ಹಾಕಿದ್ದಾರೆ

ಹೆಸರು ಹಾಕುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಎಂಟನೆಯ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಮೇಲೆ ಹೆಸರು ಕೊರೆದಿದ್ದಾರೆ. ಹದಿಮೂರನೆಯ ಶತಮಾನದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಅವನು ಎಲ್ಲ ಕಡೆ ಪೂರ್ತಿ ಹೆಸರು ಬರೆಯಲಿಲ್ಲ. ‘ಮಲ್ಲಿ’ ಎಂದೂ, ಬರಿಯ ‘ಮ’ ಎಂದೂ ಕೊರೆದು ಮುಂದಿನ ಕೆಲಸಕ್ಕೆ ಹೋಗಿದ್ದಾನೆ.

ಈ ಶಿಲ್ಪಿಗಳಿಂದ ಮರದವರು ಎರಡು ಸಂಗತಿ ಕಲಿಯಬಹುದು. ಹೆಸರು ಚಿಕ್ಕದು, ಜಾಗ ಪೀಠದ ಅಂಚು. ದೇವರ ಮುಖ ನೋಡುವವರ ಕಣ್ಣಿಗೆ ಅದು ಅಡ್ಡ ಬರುವುದಿಲ್ಲ, ಹುಡುಕಿ ಬಗ್ಗಿದವರಿಗೆ ತಪ್ಪದೆ ಸಿಗುತ್ತದೆ. ಆ ಕೆಲವು ಅಕ್ಷರಗಳಿಂದಾಗಿಯೇ ಇಂದು ವಿದ್ವಾಂಸರು ಮಲ್ಲಿತಮ್ಮನ ಹೆಸರನ್ನು ಅಮೃತಾಪುರದಿಂದ ಸೋಮನಾಥಪುರದವರೆಗೆ ಹಿಂಬಾಲಿಸಬಲ್ಲರು. ಮನೆಬಳಕೆಯ ಮರದ ಸಾಮಾನಿನಲ್ಲಿ ಅಂಥ ಜಾಡು ಸಿಗುವುದು ಬಹಳ ಅಪರೂಪ. ಮರವನ್ನು ಗೆದ್ದಲು ತಿನ್ನುತ್ತದೆ, ಬೆಂಕಿ ಸುಡುತ್ತದೆ ಎಂಬುದು ಅರ್ಧ ಕಾರಣ. ಉಳಿದುಕೊಂಡ ಮರದ ಮೇಲೂ ಯಾರೂ ಬರೆದಿಲ್ಲ ಎಂಬುದು ಇನ್ನರ್ಧ.

ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚಂಡೀಗಢದ ಕುರ್ಚಿಗಳೇ ಸಾಕ್ಷಿ. 1950ರ ದಶಕದಲ್ಲಿ ಆ ಹೊಸ ನಗರದ ಕಚೇರಿಗಳಿಗೂ ಕಾಲೇಜುಗಳಿಗೂ ಪಿಯರ್ ಜೆನೆರೆ ಮತ್ತು ಅವರ ಸಂಗಡಿಗರ ವಿನ್ಯಾಸದಲ್ಲಿ ತೇಗ ಮತ್ತು ಬೆತ್ತದ ಕುರ್ಚಿಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿಸಲಾಯಿತು. ಹಳತಾದ ಮೇಲೆ ಗುಜರಿಗೆ ಹೋದ ಆ ಕುರ್ಚಿಗಳು ಈಗ ಹೊರದೇಶಗಳ ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತವೆ. ಅಲ್ಲಿ ಕುರ್ಚಿ ಅಸಲಿಯೆಂದು ತೋರಿಸಲು ಮುಂದಿಡುವ ಪುರಾವೆಗಳಲ್ಲಿ ಮುಖ್ಯವಾದದ್ದು ಅದರ ಹಿಂಬದಿಯಲ್ಲಿ ಸರ್ಕಾರಿ ಗುಮಾಸ್ತರು ಬಣ್ಣದಲ್ಲಿ ಬರೆಸಿದ್ದ ಕಚೇರಿಯ ಹೆಸರು, ಸಾಮಾನಿನ ಸಂಖ್ಯೆ. ವಿನ್ಯಾಸಕಾರರ ಹೆಸರು ಜಗತ್ತಿಗೇ ಗೊತ್ತು, ಕಚೇರಿಯ ಹೆಸರು ಕುರ್ಚಿಯ ಮೇಲಿದೆ. ಉಳಿ ಹಿಡಿದು ಆ ಕಾಲುಗಳನ್ನು ಜೋಡಿಸಿದ ಬಡಗಿಗಳ ಹೆಸರು ಮಾತ್ರ ಕುರ್ಚಿಯ ಮೇಲಿಲ್ಲ.

ಹೆಸರು ಬೇಡ ಎನ್ನುವವರ ಮಾತು

ಎದುರು ವಾದವೂ ಗಟ್ಟಿಯಾಗಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಜಪಾನಿನಲ್ಲಿ 1920ರ ದಶಕದಲ್ಲಿ ಯಾನಾಗಿ ಸೋಯೆತ್ಸು ಎಂಬ ಚಿಂತಕರು ಜನಬಳಕೆಯ ವಸ್ತುಗಳ ಸೌಂದರ್ಯ ಇರುವುದು ಮಾಡಿದವನು ಅನಾಮಿಕನಾಗಿರುವುದರಲ್ಲೇ ಎಂದು ವಾದಿಸಿದರು. ಅವರ ಗೆಳೆಯ, ಮಡಕೆ ಕಲಾವಿದ ಹಮಾದಾ ಶೋಜಿ ಜಗದ್ವಿಖ್ಯಾತರಾದ ಮೇಲೂ ತಮ್ಮ ಮಡಕೆಗಳ ಮೇಲೆ ಹೆಸರು ಹಾಕಲಿಲ್ಲ. ನಮ್ಮಲ್ಲೂ, ದೇವರ ಮಂಟಪ, ಪಲ್ಲಕ್ಕಿ, ರಥ ಕೆತ್ತುವವರು ‘ಮಾಡಿಸಿಕೊಂಡವನು ಅವನು, ನಾವು ನಿಮಿತ್ತ’ ಎನ್ನುತ್ತಾರೆ. ಆ ಮಾತಿನಲ್ಲಿರುವ ಶ್ರದ್ಧೆ ದೊಡ್ಡದು.

ಆದರೂ ಒಂದು ವಿಷಯ ಗಮನಿಸಬೇಕು. ಹಮಾದಾ ಅವರ ಮಡಕೆಯ ಮೇಲೆ ಹೆಸರಿಲ್ಲದಿದ್ದರೂ ಅದನ್ನಿಡುವ ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಅವರೇ ಮಸಿಯಲ್ಲಿ ಬರೆದು ಮುದ್ರೆ ಒತ್ತುತ್ತಿದ್ದರು. ಜಪಾನಿನ ಮರದ ಕಟ್ಟಡಗಳಲ್ಲೂ ಮಾಡಿನೊಳಗೆ ಒಂದು ಹಲಗೆ ಕೂರಿಸಿ ಕಟ್ಟಿದ ವರ್ಷ, ಬಡಗಿಗಳ ಹೆಸರು ಬರೆಯುವ ಪದ್ಧತಿ ಶತಮಾನಗಳಷ್ಟು ಹಳೆಯದು. ಕೆಳಗೆ ನಿಂತವರಿಗೆ ಅದು ಕಾಣುವುದಿಲ್ಲ, ಮಾಡು ಬಿಚ್ಚುವವರಿಗೆ ಕಾಣುತ್ತದೆ. ವಿನಯ, ದಾಖಲೆ ಎರಡೂ ಒಟ್ಟಿಗೆ ಇರಬಹುದು ಎಂದಾಯಿತು.

ಹೆಸರು ಹಾಕಬಾರದ ಸಂದರ್ಭಗಳೂ ಇವೆ. ಬೇರೆಯವರು ಮಾಡಿದ್ದಕ್ಕೆ ಕೇವಲ ಪಾಲಿಶ್ ಹೊಡೆದಿದ್ದರೆ ‘ತಯಾರಿ’ ಎಂದು ನಿಮ್ಮ ಹೆಸರು ಬರೆಯುವಂತಿಲ್ಲ. ಗಿರಾಕಿ ಬೇಡವೆಂದರೆ ಬೇಡ, ಸಾಮಾನು ಅವರದು. ಈ ಮಾತನ್ನು ಕೆಲಸ ಮುಗಿದ ಮೇಲೆ ಎತ್ತುವ ಬದಲು ಅಂದಾಜು ಕೊಡುವಾಗಲೇ ‘ಅಡಿಭಾಗದಲ್ಲಿ ಸಣ್ಣದಾಗಿ ಹೆಸರು, ವರ್ಷ ಹಾಕುತ್ತೇನೆ’ ಎಂದು ಹೇಳಿಬಿಡುವುದು ಒಳ್ಳೆಯದು. ಬೇಡ ಎನ್ನುವವರು ಕಡಿಮೆ. ‘ನಮ್ಮ ಹೆಸರನ್ನೂ ಜೊತೆಗೆ ಹಾಕಿ’ ಎನ್ನುವವರೇ ಹೆಚ್ಚು. ಹಳೆಯ ಕಾಲದ ಮಾದರಿಯನ್ನು ನೋಡಿ ಹೊಸದಾಗಿ ಮಾಡಿದ್ದರೆ ಮಾತ್ರ ಹೆಸರು, ವರ್ಷ ಬರೆಯುವುದು ಕಡ್ಡಾಯವೆಂದೇ ತಿಳಿಯಿರಿ. ಇಂದು ಮಾಡಿದ ಚೆಟ್ಟಿನಾಡು ಮಾದರಿಯ ಕಂಬ ನಾಳೆ ‘ನೂರೈವತ್ತು ವರ್ಷದ ಹಳೆಯದು’ ಎಂದು ಯಾರದೋ ಕೈಯಲ್ಲಿ ಮಾರಾಟವಾಗದಂತೆ ತಡೆಯುವುದು ಆ ವರ್ಷದ ಅಂಕಿಯೇ.

ಏನು ಬರೆಯಬೇಕು

ಕನಿಷ್ಠವೆಂದರೆ ಹೆಸರು, ಊರು, ವರ್ಷ. ವರ್ಷವನ್ನು ನಾಲ್ಕು ಅಂಕಿಯಲ್ಲಿ ಪೂರ್ತಿ ಬರೆಯಿರಿ. ಬರಿಯ ‘25’ ಎಂದರೆ ಮುಂದಿನವರಿಗೆ ಅದು ವರ್ಷವೋ ಕ್ರಮಸಂಖ್ಯೆಯೋ ತಿಳಿಯದು. ಸಂವತ್ಸರದ ಹೆಸರು ಹಾಕುವ ಆಸೆಯಿದ್ದರೆ ಹಾಕಿ, ಆದರೆ ಅದೊಂದೇ ಸಾಲದು. ಅರವತ್ತು ವರ್ಷಕ್ಕೊಮ್ಮೆ ಸಂವತ್ಸರ ಮರಳಿ ಬರುವುದರಿಂದ ವಿಶ್ವಾವಸು ಎಂದರೆ 1965–66 ಕೂಡ ಆಗಬಹುದು, 2025–26 ಕೂಡ ಆಗಬಹುದು. ಒಳ್ಳೆಯ ತೇಗದ ಮಂಚಕ್ಕೆ ಅರವತ್ತು ವರ್ಷ ಹೆಚ್ಚೇನಲ್ಲ.

ಫೋನ್ ನಂಬರ್ ಬರೆಯಬೇಡಿ. ನಂಬರ್ ಬದಲಾಗುತ್ತದೆ, ಊರು ಬದಲಾಗುವುದಿಲ್ಲ. ಈಗ ಕ್ಯೂಆರ್ ಕೋಡ್ ಕೊರೆಸುವವರಿದ್ದಾರೆ. ಅದು ತೋರಿಸುವ ಪುಟ ನಾಲ್ಕು ವರ್ಷದಲ್ಲಿ ಇಲ್ಲವಾದರೆ ಮರದ ಮೇಲೆ ಉಳಿಯುವುದು ಅರ್ಥವಿಲ್ಲದ ಚೌಕ. ಬೇಕಿದ್ದರೆ ಬಿಲ್ಲಿನ ಜೊತೆಗೆ ಕೊಡುವ ಚೀಟಿಯಲ್ಲಿ ಅದೆಲ್ಲ ಇರಲಿ.

ಇನ್ನೆರಡು ವಿವರಗಳನ್ನು ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಹೆಸರಿನಷ್ಟೇ ಬೆಲೆ ಅವಕ್ಕೂ ಇದೆ. ಒಂದು, ಮರದ ಜಾತಿ. ಹೊಸದರಲ್ಲಿ ಹೊನ್ನೆ, ತೇಗ, ಹೆಬ್ಬಲಸು, ನಂದಿ ಎಂದು ಕೊಯ್ದವರಿಗೆ ವಾಸನೆಯಿಂದಲೇ ಗೊತ್ತಾಗುತ್ತದೆ. ಬಣ್ಣ, ಪಾಲಿಶ್, ಅಡುಗೆಮನೆಯ ಹೊಗೆ ಎಲ್ಲ ಸೇರಿ ನಲವತ್ತು ವರ್ಷ ಕಳೆದ ಮೇಲೆ ನುರಿತವರೂ ಕೀಸಿ ನೋಡಬೇಕಾಗುತ್ತದೆ. ಒಡೆದ ಹಲಗೆಗೆ ಅದೇ ಜಾತಿಯ ಮರ ಹುಡುಕುವವರಿಗೆ ಒಂದು ಪದ ಸಾಕು. ಎರಡನೆಯದು ಪಾಲಿಶ್. ಅರಗಿನ ಫ್ರೆಂಚ್ ಪಾಲಿಶ್ ಆಗಿದ್ದರೆ ಸ್ಪಿರಿಟ್‌ನಲ್ಲಿ ಕರಗುತ್ತದೆ, ಅದರ ಮೇಲೆಯೇ ಹೊಸ ಕೋಟ್ ಬೆರೆಯುತ್ತದೆ. ಪಿ.ಯು. ಕೋಟಿಂಗ್ ಆಗಿದ್ದರೆ ಸ್ಪಿರಿಟ್‌ಗೆ ಬಗ್ಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಯಾವುದೆಂದು ತಿಳಿಯದೆ ಕೈ ಹಾಕಿ ಒಳ್ಳೆಯ ಸಾಮಾನು ಕೆಡಿಸಿದವರು ಊರೂರಿನಲ್ಲಿ ಸಿಗುತ್ತಾರೆ. ಬೀಟೆ ಮರದ್ದಾಗಿದ್ದರೆ ಬಿಲ್ಲನ್ನೂ ಜೋಪಾನವಾಗಿ ಇಡಲು ಹೇಳಿ. ಬೀಟೆಯ ವ್ಯಾಪಾರ 2017ರಿಂದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಮಗಳ ಸಂಸಾರದ ಜೊತೆ ಆ ಪೆಟ್ಟಿಗೆ ಹೊರದೇಶಕ್ಕೆ ಹೊರಟರೆ ಕಾಗದಪತ್ರ ಕೇಳಬಹುದು. ಮರದ ಮೇಲಿನ ಬರಹ ಕಾನೂನಿನ ಪುರಾವೆಯಲ್ಲ, ಬಿಲ್ಲಿನೊಡನೆ ತಾಳೆ ಹಾಕಲು ಒಂದು ಗುರುತು ಅಷ್ಟೆ.

ಮಾಡಿಸಿಕೊಂಡವರ ಹೆಸರನ್ನೂ ಬರೆಯುವುದು ಒಳ್ಳೆಯ ರೂಢಿ. ಅಮೆರಿಕದ ಜಾರ್ಜ್ ನಾಕಾಶಿಮಾ ಕಳೆದ ಶತಮಾನದ ದೊಡ್ಡ ಮರಗೆಲಸಗಾರರಲ್ಲಿ ಒಬ್ಬರು. 1930ರ ದಶಕದಲ್ಲಿ ಪುದುಚೇರಿಯ ಅರವಿಂದಾಶ್ರಮದಲ್ಲಿದ್ದು ಗೋಲ್ಕೊಂಡ ವಸತಿಗೃಹದ ನಿರ್ಮಾಣದಲ್ಲಿ ದುಡಿದವರು. ಅವರ ಕಾರ್ಯಾಗಾರದಲ್ಲಿ ಬಹುಕಾಲ ಮೇಜು, ಕುರ್ಚಿಗಳ ಅಡಿಯಲ್ಲಿ ಬರೆಯುತ್ತಿದ್ದುದು ಗಿರಾಕಿಯ ಹೆಸರನ್ನು. ಯಾವುದು ಯಾರ ಮನೆಗೆ ಹೋಗಬೇಕು ಎಂಬ ಗುರುತಿಗಾಗಿ ಬರೆದ ಹೆಸರದು. ಇಂದು ಅದೇ ಹೆಸರು ಹಿಡಿದು ಕಾರ್ಯಾಗಾರದ ಹಳೆಯ ಕಡತಗಳಲ್ಲಿ ಆ ಸಾಮಾನಿನ ನಕ್ಷೆಯನ್ನೂ ಆರ್ಡರನ್ನೂ ಹುಡುಕುತ್ತಾರೆ.

ಎಲ್ಲಿ

ಮೊದಲ ನಿಯಮ: ಬದಲಾಯಿಸುವ ಭಾಗದ ಮೇಲೆ ಬೇಡ. ಬೀರುವಿನ ಹಿಂಬದಿಯ ಪ್ಲೈವುಡ್, ಡ್ರಾಯರಿನ ತಳದ ತೆಳು ಹಲಗೆ, ಕುರ್ಚಿಯ ಬೆತ್ತದ ಚೌಕಟ್ಟು ಇವೆಲ್ಲ ಒಂದಲ್ಲ ಒಂದು ದಿನ ಕಿತ್ತು ಹೋಗುವಂಥವು. ಬರಹವೂ ಅವುಗಳ ಜೊತೆಗೇ ಹೋಗುತ್ತದೆ. ಗಟ್ಟಿ ಮರದ ಚೌಕಟ್ಟಿನ ಒಳಮೈಯಲ್ಲಿ ಬರೆಯಿರಿ. ಮೇಜಾದರೆ ಮೇಲ್ಹಲಗೆಯ ಕೆಳಗಿರುವ ಅಡ್ಡಪಟ್ಟಿಯ ಒಳಬದಿ. ಡ್ರಾಯರಾದರೆ ಪಕ್ಕದ ಹಲಗೆಯ ಹೊರಮೈ, ಪೂರ್ತಿ ಹೊರಗೆಳೆದಾಗ ಮಾತ್ರ ಕಾಣುವ ಜಾಗ. ಕುರ್ಚಿಯಾದರೆ ಆಸನದ ಕೆಳಗಿನ ಹಿಂದಿನ ಪಟ್ಟಿ. ಮಂಚವಾದರೆ ತಲೆಭಾಗದ ಹಲಗೆಯ ಹಿಂಬದಿ, ಗೋಡೆಯ ಕಡೆಗೆ.

ಎರಡನೆಯದು, ನೆಲಕ್ಕೆ ತಾಗುವ ಕಡೆ ಬೇಡ. ಕಾಲಿನ ತುದಿಗೆ ಹೆಸರು ಹಾಕುವುದು ಅಡಗಿಸಿಡಲು ಸುಲಭವೆಂದು ತೋರುತ್ತದೆ. ದಿನಾ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ನಮ್ಮ ಮನೆಗಳಲ್ಲಿ ಮೊದಲು ನೀರು ಕುಡಿಯುವುದು, ಮೊದಲು ಗೆದ್ದಲಿಗೆ ಸಿಗುವುದು ಅದೇ ಜಾಗ.

ಬಾಗಿಲಿಗೆ ಬಂದರೆ ಹೊಸ್ತಿಲ ಮೇಲೆ ಯಾರೂ ಹೆಸರು ಬರೆಯಲಾರರು, ಅದು ತುಳಿಯುವ ಜಾಗವಲ್ಲ, ಪೂಜೆಯ ಜಾಗ. ಕದದ ದಪ್ಪದಲ್ಲಿ, ಹಿಂಜ್ ಕೂರುವ ಅಂಚಿನಲ್ಲಿ, ಮೇಲಿನ ಹಿಂಜಿನ ತುಸು ಕೆಳಗೆ ಬರೆದರೆ ಬಾಗಿಲು ತೆರೆದಾಗ ಮಾತ್ರ ಕಾಣುತ್ತದೆ. ಮಳೆ ಬೀಳುವುದಿಲ್ಲ, ಕೈ ತಾಗಿ ಸವೆಯುವುದಿಲ್ಲ. ದೇವರ ಮಂಟಪಕ್ಕೆ ಹಿಂಬದಿಯೇ ಸರಿ. ದೇವರು ಕೂರುವ ಪೀಠದ ಮೇಲಾಗಲಿ, ಅದರ ನೇರ ಕೆಳಗಾಗಲಿ ಹೆಸರು ಬರೆಯುವ ಮೊದಲು ಮನೆಯವರನ್ನು ಕೇಳಿ. ಒಂದೊಂದು ಮನೆಯ ನಂಬಿಕೆ ಒಂದೊಂದು.

ಮೂರನೆಯದು, ಪೂರ್ತಿ ಅಡಗಿಸಲೂ ಬೇಡ. ಜಾಯಿಂಟಿನೊಳಗೆ, ಅಂಟು ಹಾಕಿ ಮುಚ್ಚುವ ಜಾಗದಲ್ಲಿ ಹೆಸರು ಬರೆಯುವವರಿದ್ದಾರೆ. ಸಾಮಾನು ಮುರಿದಾಗ ಮಾತ್ರ ಅದು ಹೊರಬರುತ್ತದೆ. ಎರಡನೆಯ ಗುರುತಾಗಿ ಅದು ಚೆನ್ನ, ನಕಲಿಯನ್ನು ಪತ್ತೆ ಮಾಡಲೂ ನೆರವಾಗುತ್ತದೆ. ಅದೊಂದೇ ಆದರೆ ಯಾರಿಗೂ ಸಿಗದೆ ಹೋಗಬಹುದು.

ಎದುರಿಗೇ ಕಾಣುವ ಗುರುತಿಗೂ ಒಳ್ಳೆಯ ಉದಾಹರಣೆಯಿದೆ. ಇಂಗ್ಲೆಂಡಿನ ಯಾರ್ಕ್‌ಶೈರಿನ ಕಿಲ್ಬರ್ನ್ ಎಂಬ ಹಳ್ಳಿಯ ರಾಬರ್ಟ್ ಥಾಂಪ್ಸನ್ 1955ರಲ್ಲಿ ತೀರಿಕೊಂಡರು. ಅವರು ಓಕ್ ಮರದ ತಮ್ಮ ಕೆಲಸದ ಮೇಲೆಲ್ಲ ಪುಟ್ಟ ಇಲಿಯೊಂದನ್ನು ಕೆತ್ತುತ್ತಿದ್ದರು. ಚರ್ಚಿನ ಬೆಂಚಿನ ಕಾಲಿನ ಮೇಲೆ ಹತ್ತುತ್ತಿರುವ ಆ ಇಲಿಯನ್ನು ಮಕ್ಕಳು ಹುಡುಕುತ್ತಾರೆ. ಅವರ ಕಾರ್ಯಾಗಾರ ಇಂದಿಗೂ ಅದೇ ಗುರುತನ್ನು ಕೆತ್ತುತ್ತಿದೆ. ಇದು ಸಾಧ್ಯವಾದದ್ದು ಕೆತ್ತನೆ ಅಷ್ಟು ಚೆನ್ನಾಗಿದ್ದುದರಿಂದ. ಕೆತ್ತನೆಯಲ್ಲಿ ಕೈ ಪಳಗಿದವರು ತಮ್ಮದೇ ಒಂದು ಹೂವು, ಹಕ್ಕಿ, ಎಲೆಯನ್ನು ಗುರುತಾಗಿ ಇಟ್ಟುಕೊಳ್ಳಬಹುದು. ಆಗಲೂ ಒಳಬದಿಯಲ್ಲಿ ಹೆಸರು, ವರ್ಷ ಅಕ್ಷರದಲ್ಲಿರಲಿ. ಗುರುತು ಯಾರದೆಂದು ಹೇಳುವವರು ಇಲ್ಲವಾದ ದಿನ ಹೂವು ಬರಿಯ ಹೂವಾಗಿಬಿಡುತ್ತದೆ.

ಯಾವುದರಿಂದ

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ನಂಬಿಕಸ್ಥ ಸಾಧನ ಬಡಗಿಯ ಕಿವಿಯ ಹಿಂದೆಯೇ ಇದೆ: ಪೆನ್ಸಿಲ್. ಅದರ ಸೀಸ ಎಂದು ನಾವು ಕರೆಯುವುದು ಗ್ರಾಫೈಟ್, ಅಂದರೆ ಇಂಗಾಲ. ಬಿಸಿಲಿಗೆ ಮಾಸುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುವುದಿಲ್ಲ. ಮುಟ್ಟದ ಜಾಗದಲ್ಲಿ ಬರೆದರೆ ನೂರು ವರ್ಷ ದಾಟಿಯೂ ಓದಬಹುದು. ಹಳೆಯ ಪೀಠೋಪಕರಣ ಬಿಚ್ಚುವವರಿಗೆ ಒಳಗೆ ಸಿಗುವ ಅಳತೆ, ಲೆಕ್ಕಗಳೆಲ್ಲ ಪೆನ್ಸಿಲಿನವೇ. ನುಣುಪಾಗಿ ಉಜ್ಜಿದ ಮೇಲೆ ಬರೆದು, ಮೇಲೆ ಒಂದು ತೆಳು ಕೋಟ್ ಕೊಟ್ಟರೆ ಸಾಕು. ಏನೂ ಖರ್ಚು ಮಾಡಲಾಗದ ಹೊಸಬರು ಇಲ್ಲಿಂದಲೇ ಶುರು ಮಾಡಲಿ.

ಬಾಲ್‌ಪೆನ್ ಬೇಡ, ಮಾಸುತ್ತದೆ. ಪರ್ಮನೆಂಟ್ ಮಾರ್ಕರ್ ಎಂದು ಮಾರುವ ಪೆನ್ನುಗಳು ಹೆಸರಿಗೆ ಮಾತ್ರ ಶಾಶ್ವತ. ಅವುಗಳ ಬಣ್ಣ ಸ್ಪಿರಿಟ್‌ನಲ್ಲಿ ಕರಗುವಂಥದ್ದು. ಫ್ರೆಂಚ್ ಪಾಲಿಶ್‌ನ ಬಟ್ಟೆ ಅದರ ಮೇಲೆ ಹೋದೊಡನೆ ಹೆಸರು ನೀಲಿ ಕಲೆಯಾಗುತ್ತದೆ. ಮೆಲಮೈನ್, ಲ್ಯಾಕರ್‌ಗಳ ಥಿನ್ನರ್ ಕೂಡ ಇದೇ ಗತಿ ಮಾಡುತ್ತದೆ. ಬರಿಯ ಮರದ ಮೇಲೆ ಬರೆದರೆ ನಾರಿನ ಉದ್ದಕ್ಕೂ ಹರಡುವುದು ಬೇರೆ. ಮಸಿಯಲ್ಲೇ ಬರೆಯಬೇಕೆಂದಿದ್ದರೆ ಪಿಗ್ಮೆಂಟ್ ಮಸಿಯ ಡ್ರಾಯಿಂಗ್ ಪೆನ್ ಅಥವಾ ಇಂಡಿಯನ್ ಇಂಕ್ ಬಳಸಿ. ಮೊದಲು ಒಂದು ತೆಳು ಕೋಟ್ ಪಾಲಿಶ್ ಕೊಟ್ಟು ಒಣಗಿಸಿ, ನಯವಾದ ಸ್ಯಾಂಡ್ ಪೇಪರ್‌ನಲ್ಲಿ ಒಮ್ಮೆ ಕೈಯಾಡಿಸಿ. ಆಮೇಲೆ ಬರೆಯಿರಿ, ಒಂದು ದಿನ ಬಿಡಿ. ಮುಂದಿನ ಕೋಟನ್ನು ಅಲ್ಲಿ ಉಜ್ಜದೆ ಸ್ಪ್ರೇ ಮಾಡಿ. ಯಾವುದಕ್ಕೂ ಮೊದಲು ಅದೇ ಮರದ ಚೂರಿನ ಮೇಲೆ ಇಷ್ಟನ್ನೂ ಮಾಡಿ ನೋಡಿ.

ಕಾಯಿಸಿದ ಅಚ್ಚು ಒತ್ತುವುದು ನನಗೆ ಬಹಳ ಇಷ್ಟವಾದ ವಿಧಾನ. ಹಿತ್ತಾಳೆಯ ಅಚ್ಚನ್ನು ಸಿಎನ್‌ಸಿ ಯಂತ್ರದಲ್ಲಿ ಕೊರೆಸಿ, ಕರೆಂಟಿನ ಹಿಡಿಗೆ ಜೋಡಿಸಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ತಿಳಿ ಬಣ್ಣದ ಹಲಸು, ಬೇವು, ಮಾವು, ಸಿಲ್ವರ್ ಓಕ್‌ಗಳ ಮೇಲೆ ಚೆನ್ನಾಗಿ ಮೂಡುತ್ತದೆ. ಪಾಲಿಶ್‌ಗೆ ಮೊದಲೇ ಒತ್ತಬೇಕು. ಮೆಲಮೈನ್, ಪಿ.ಯು. ಮೇಲೆ ಕಾದ ಅಚ್ಚಿಟ್ಟರೆ ಪದರ ಗುಳ್ಳೆಯೇಳುತ್ತದೆ, ಹೊಗೆಯೂ ಕೆಟ್ಟದ್ದು. ಪ್ಲೈವುಡ್ ಮೇಲೂ ಬೇಡ, ಒಳಗಿನ ಅಂಟು ಸುಡುತ್ತದೆ. ಎಷ್ಟು ಹೊತ್ತು ಒತ್ತಬೇಕು ಎಂಬುದು ಅಚ್ಚಿನ ಬಿಸಿ, ಮರದ ಗಡಸುತನ ಎರಡನ್ನೂ ಅವಲಂಬಿಸಿದೆ. ಕೆಲವೇ ಸೆಕೆಂಡುಗಳ ಮಾತು. ಕಡಿಮೆಯಾದರೆ ಅಕ್ಷರ ಅರ್ಧ ಮೂಡುತ್ತದೆ. ಅದೇ ಜಾಗದಲ್ಲಿ ಎರಡನೆಯ ಸಲ ಸರಿಯಾಗಿ ಕೂರಿಸುವುದು ಕಷ್ಟ. ಹೆಚ್ಚಾದರೆ ಸುತ್ತ ಕಂದು ಕಲೆ ಕಟ್ಟಿಕೊಳ್ಳುತ್ತದೆ. ಅಚ್ಚನ್ನು ನೇರವಾಗಿ ಇಟ್ಟು, ನಾಲ್ಕೂ ಅಂಚಿಗೆ ಭಾರ ಬೀಳುವಂತೆ ತುಸು ತೂಗಿ ಎತ್ತಬೇಕು.

ಬೀಟೆ, ಕರಿಮತ್ತಿಯಂಥ ಕಪ್ಪು ಮರಗಳ ಮೇಲೆ ಸುಟ್ಟ ಗುರುತು ಕಾಣುವುದಿಲ್ಲ. ಅಲ್ಲಿ ಕೊರೆಯಬೇಕು ಇಲ್ಲವೇ ಕೂರಿಸಬೇಕು. ಬೀಟೆಯಲ್ಲಿ ತಿಳಿ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಬಿಡಿಸುವ ಮೈಸೂರಿನ ಕಸುಬುದಾರರಿಗೆ ಇದು ಹೊಸ ವಿದ್ಯೆಯಲ್ಲ. ಆನೆಯ ಚಿತ್ರಕ್ಕೆ ಮುನ್ನೂರು ಚೂರು ಜೋಡಿಸುವ ಕೈಗೆ ಹಿಂಬದಿಯಲ್ಲಿ ತನ್ನ ಹೆಸರಿನ ಒಂದಕ್ಷರ ಜೋಡಿಸುವುದು ಎಷ್ಟರ ಕೆಲಸ? ಆ ಫಲಕಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಚನ್ನಪಟ್ಟಣದ ಗೊಂಬೆಗಳಿಗೂ ಕಿನ್ನಾಳದ ಗೊಂಬೆಗಳಿಗೂ ಇದೆ. ಅದು ಊರಿನ ಹೆಸರನ್ನು ಕಾಯುತ್ತದೆ. ಕೆಲಸಗಾರರ ಹೆಸರನ್ನು ಅವರೇ ಕಾಯಬೇಕು.

ಚನ್ನಪಟ್ಟಣದ ಅರಗಿನ ಕೆಲಸಕ್ಕೆ ಒಂದು ಎಚ್ಚರಿಕೆ. ಅರಗು ಬಿಸಿಗೆ ಮೆತ್ತಗಾಗುವುದರಿಂದ ಅದರ ಮೇಲೆ ಕಾದ ಅಚ್ಚು ಒತ್ತಿದರೆ ಅಂಟಿಕೊಂಡು ರಾಡಿಯಾಗುತ್ತದೆ. ಮೊದಲೇ ಒತ್ತಿದರೆ ಬಣ್ಣದ ಅರಗು ಮುಚ್ಚಿಹಾಕುತ್ತದೆ. ಚರಕಿಯಿಂದ ಗೊಂಬೆಯನ್ನು ಕತ್ತರಿಸಿ ಬಿಡಿಸುವ ತಳ ಬರಿಯ ಮರವಾಗಿ ಉಳಿದಿರುತ್ತದೆ, ಅದೇ ಸರಿಯಾದ ಜಾಗ. ಮಕ್ಕಳು ಬಾಯಿಗೆ ಹಾಕುವ ಆಟಿಕೆ, ಲಟ್ಟಣಿಗೆ, ಸೌಟು, ತರಕಾರಿ ಹೆಚ್ಚುವ ಮಣೆ ಇವುಗಳಿಗೆ ಮಸಿಯೂ ಬೇಡ, ಲೋಹದ ಬಿಲ್ಲೆಯೂ ಬೇಡ. ಸುಟ್ಟ ಗುರುತು ಅಥವಾ ಕೊರೆದ ಅಕ್ಷರ ಮಾತ್ರ.

ಹಿತ್ತಾಳೆ ಬಿಲ್ಲೆ ಹೊಡೆಯುವುದಾದರೆ ಹಿತ್ತಾಳೆಯ ಸ್ಕ್ರೂ ಅಥವಾ ಮೊಳೆಯನ್ನೇ ಬಳಸಿ. ಒಗರು ಹೆಚ್ಚಿರುವ ಮರದಲ್ಲಿ ಕಬ್ಬಿಣದ ಮೊಳೆ ತೇವ ತಾಗಿದೊಡನೆ ಸುತ್ತ ಕಪ್ಪು ಕಲೆ ಬಿಡುತ್ತದೆ. ಕಾಗದದ ಲೇಬಲ್ ನಮ್ಮ ಹವೆಗೆ ಒಗ್ಗುವುದಿಲ್ಲ. ಮಲೆನಾಡು, ಕರಾವಳಿಯ ಒಂದೆರಡು ಮಳೆಗಾಲದಲ್ಲಿ ಅಂಟು ಬಿಡುತ್ತದೆ, ಬೆಳ್ಳಿಹುಳು ತಿನ್ನುತ್ತದೆ. ಲೇಬಲಿನ ಇನ್ನೊಂದು ತೊಂದರೆಯನ್ನು ಪಿಟೀಲಿನ ಚರಿತ್ರೆ ತೋರಿಸಿದೆ. ಇಟಲಿಯ ಕ್ರೆಮೋನಾದ ಸ್ಟ್ರಾಡಿವಾರಿ ತಮ್ಮ ಪಿಟೀಲುಗಳೊಳಗೆ ಹೆಸರು, ಊರು, ವರ್ಷದ ಚೀಟಿ ಅಂಟಿಸುತ್ತಿದ್ದರು. ಮುಂದೆ ಯುರೋಪಿನ ಕಾರ್ಖಾನೆಗಳು ಅದೇ ಚೀಟಿಯನ್ನು ಅಚ್ಚು ಹಾಕಿಸಿ ಅಗ್ಗದ ಪಿಟೀಲುಗಳಿಗೆಲ್ಲ ಅಂಟಿಸಿದವು. ಇಂದು ಆ ಚೀಟಿಯೊಂದನ್ನೇ ನೋಡಿ ಯಾವ ತಜ್ಞರೂ ಪಿಟೀಲನ್ನು ಒಪ್ಪುವುದಿಲ್ಲ. ಮರದ ಉಂಗುರಗಳನ್ನು ಎಣಿಸಿ ಕಾಲ ಕಂಡುಹಿಡಿಯುವವರೆಗೂ ಪರೀಕ್ಷೆ ಹೋಗುತ್ತದೆ.

ಲೇಸರ್ ಕೊರೆತ ಈಗ ಸಣ್ಣ ಪಟ್ಟಣಗಳಲ್ಲೂ ಸಿಗುತ್ತದೆ. ಅಂದವಾಗಿ ಬರುತ್ತದೆ. ಜೋಡಿಸಿ ಮುಗಿದ ಮಂಚವನ್ನು ಯಂತ್ರದೊಳಗೆ ತೂರಿಸಲಾಗದು ಎಂಬುದನ್ನು ನೆನಪಿಟ್ಟು ಹೆಸರಿನ ಪಟ್ಟಿಯನ್ನು ಮೊದಲೇ ಕೊರೆಸಿಕೊಳ್ಳಿ.

ಕನ್ನಡದಲ್ಲಿ ಬರೆಯುವಾಗ

ನಮ್ಮ ಲಿಪಿಯ ದುಂಡಗಿನ ತಿರುವುಗಳು ಮರದ ಮೇಲೆ ಸುಲಭವಾಗಿ ಮೂಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಉಕ್ಕಿನ ಅಕ್ಷರದ ಪಂಚ್‌ಗಳು ಇಂಗ್ಲಿಷಿನವು. ಕನ್ನಡಕ್ಕೆ ಅಚ್ಚನ್ನೇ ಮಾಡಿಸಬೇಕು. ಮಾಡಿಸುವಾಗ ಒತ್ತಕ್ಷರಗಳ ಕಡೆ ಗಮನವಿರಲಿ. ‘ವಿಶ್ವಕರ್ಮ’ ಎಂಬ ಪದವನ್ನು ಐದು ಮಿಲಿಮೀಟರ್ ಎತ್ತರದಲ್ಲಿ ಕೊರೆಸಿದರೆ ಕೆಳಗಿನ ಒತ್ತು, ಅರ್ಕಾವೊತ್ತಿನ ಸಣ್ಣ ಸಂದುಗಳು ಸುಟ್ಟು ಒಂದಾಗುತ್ತವೆ. ಒತ್ತಿರುವ ಹೆಸರಾದರೆ ಮೂಲ ಅಕ್ಷರವೇ ಎಂಟು ಹತ್ತು ಮಿಲಿಮೀಟರ್ ಇರಲಿ. ಗೆರೆ ಎಲ್ಲೆಡೆ ಒಂದೇ ದಪ್ಪವಿರುವ ಸರಳ ಅಕ್ಷರವಿನ್ಯಾಸ ಆರಿಸಿ. ಹೆಸರು ಉದ್ದವಾದರೆ ಮಲ್ಲಿತಮ್ಮನ ದಾರಿ ಹಿಡಿಯಬಹುದು: ಅಚ್ಚಿನಲ್ಲಿ ಒಂದೇ ಅಕ್ಷರ, ಪಕ್ಕದಲ್ಲಿ ಪೆನ್ಸಿಲಿನಿಂದ ಪೂರ್ತಿ ಹೆಸರು, ಊರು, ವರ್ಷ.

ಉಳಿಯಿಂದ ಕೊರೆಯುವವರಿಗೆ ವಿ ಆಕಾರದ ಸಣ್ಣ ಉಳಿ ಅನುಕೂಲ. ತಿರುವಿನಲ್ಲಿ ನಾರಿಗೆ ಎದುರಾಗಿ ಹೋದಾಗ ಅಂಚು ಸಿಡಿಯುತ್ತದೆ. ಆದ್ದರಿಂದ ‘ರ’ದಂಥ ದುಂಡನ್ನು ಒಂದೇ ಎಳೆತದಲ್ಲಿ ಮುಗಿಸಲು ಹೋಗದೆ ಎರಡೂ ಕಡೆಯಿಂದ ನಾರಿನ ಜೊತೆಗೆ ಇಳಿದು ಕೆಳಗೆ ಸೇರಿಸಬೇಕು. ಮರ ಸುಟ್ಟು ಬರೆಯುವ ಪೈರೋಗ್ರಫಿ ಪೆನ್ನು ಬೆಸುಗೆ ಹಾಕುವ ಕಡ್ಡಿಯಂತೆಯೇ ಇರುತ್ತದೆ, ಕೈಬರಹದ ಹೆಸರಿಗೆ ಅದು ಒಳ್ಳೆಯದು. ಕೈಬರಹವನ್ನು ನಕಲು ಮಾಡುವುದು ಅಚ್ಚನ್ನು ನಕಲು ಮಾಡಿದಷ್ಟು ಸುಲಭವಲ್ಲ.

ಹಲವರ ಕೆಲಸಕ್ಕೆ ಯಾರ ಹೆಸರು?

ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ಬಡಗಿಗಳ ಸಂಘ 1743ರ ಹೊತ್ತಿಗೆ ಪ್ರತಿಯೊಬ್ಬ ಯಜಮಾನ ಕೆಲಸಗಾರನೂ ತನ್ನ ಹೆಸರಿನ ಉಕ್ಕಿನ ಅಚ್ಚನ್ನು ಸಾಮಾನಿನ ಮೇಲೆ ಸುತ್ತಿಗೆಯಿಂದ ಹೊಡೆಯಬೇಕೆಂದು ನಿಯಮ ಮಾಡಿತು. ಸಂಘಗಳೇ ರದ್ದಾದ 1791ರವರೆಗೂ ಅದು ನಡೆಯಿತು. ಹೆಸರು ಕಂಡರೆ ಗಿರಾಕಿ ನೇರವಾಗಿ ಬಡಗಿಯ ಬಳಿಗೇ ಹೋದಾನು ಎಂದು ಮಾರುವ ವ್ಯಾಪಾರಿಗಳಿಗೆ ಈ ಅಚ್ಚು ಹಿಡಿಸುತ್ತಿರಲಿಲ್ಲ. ಇಂದಿನ ಬೆಂಗಳೂರಿಗೂ ಈ ಮಾತು ಒಪ್ಪುತ್ತದೆ. ಒಳಾಂಗಣದ ಕಂಪನಿ ತನ್ನ ಹೆಸರಿನ ಸ್ಟಿಕ್ಕರ್ ಅಂಟಿಸುತ್ತದೆ. ಕೆಲಸ ಮಾಡಿದವರು ರಾಜಸ್ಥಾನದಿಂದಲೋ ಉತ್ತರ ಪ್ರದೇಶದಿಂದಲೋ ಬಂದು, ಕಟ್ಟಡದಲ್ಲೇ ಮಲಗಿ, ಮುಗಿಸಿ ಹೊರಟುಹೋಗಿರುತ್ತಾರೆ. ಕಂಪನಿಯ ಹೆಸರು ಇರಲಿ, ಅದರ ಕೆಳಗೆ ಮುಖ್ಯ ಬಡಗಿಯ ಹೆಸರಿಗೂ ಜಾಗವಿರಲಿ. ಅವರು ಹಿಂದಿಯಲ್ಲಿ ಬರೆಯುತ್ತೇನೆಂದರೆ ಹಿಂದಿಯಲ್ಲೇ ಬರೆಯಲಿ. ಮನೆ ಮಾಡಿಸುವವರು ಕೇಳಿದರೆ ಇದು ಆಗುತ್ತದೆ, ಕೇಳದಿದ್ದರೆ ಆಗುವುದಿಲ್ಲ.

ಚಿಕ್ಕ ಕಾರ್ಖಾನೆಗಳಲ್ಲಿ ಜೋಡಣೆ ಒಬ್ಬರದು, ಕೆತ್ತನೆ ಇನ್ನೊಬ್ಬರದು, ಪಾಲಿಶ್ ಮತ್ತೊಬ್ಬರದು. ಮೂವರ ಹೆಸರನ್ನೂ ಕೆಲಸದ ಜೊತೆಗೆ ಬರೆಯಿರಿ: ಜೋಡಣೆ ಇಂಥವರು, ಕೆತ್ತನೆ ಇಂಥವರು. ಗಿರಾಕಿ ತೋರಿಸಿದ ಚಿತ್ರ ನೋಡಿ ಮಾಡಿದ್ದರೆ ‘ತಯಾರಿ’ ಎಂದಷ್ಟೇ ಬರೆದು ವಿನ್ಯಾಸದ ಹಕ್ಕು ಸಾಧಿಸದಿರುವುದು ಮರ್ಯಾದೆ.

ದುರಸ್ತಿ ಮಾಡಿದವರೂ ಬರೆಯಬೇಕು, ಆದರೆ ದುರಸ್ತಿ ಎಂದೇ ಬರೆಯಬೇಕು. ಪ್ಯಾರಿಸ್‌ನಲ್ಲಿ ದುರಸ್ತಿಗೆ ಬಂದ ಸಾಮಾನಿನ ಮೇಲೂ ಅದೇ ಅಚ್ಚು ಹೊಡೆಯುತ್ತಿದ್ದರು. ಮ್ಯೂಸಿಯಮ್ಮಿನ ಒಂದೇ ಬೀರುವಿನ ಮೇಲೆ ಎರಡು ಹೆಸರು ಕಂಡಾಗ ಮಾಡಿದವರು ಯಾರು, ರಿಪೇರಿಯವರು ಯಾರು ಎಂದು ತಜ್ಞರು ಇಂದಿಗೂ ತಲೆ ಕೆರೆದುಕೊಳ್ಳುವುದು ಅದರಿಂದಲೇ. ‘2025, ಹಿಂದಿನ ಎಡಗಾಲು ಹೊಸದು, ಮರ ತೇಗ’ ಎಂಬ ಒಂದು ಸಾಲು ಆ ಗೊಂದಲಕ್ಕೆ ಜಾಗ ಕೊಡುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಸಾಮಾನಿಗೊಂದು ಕ್ರಮಸಂಖ್ಯೆ ಕೊಟ್ಟು ಅದನ್ನು ಮರದ ಮೇಲೂ ನೋಟ್‌ಬುಕ್ಕಿನಲ್ಲೂ ಬರೆಯಿರಿ. ಅಳತೆ, ಮರ ತಂದ ಜಾಗ, ಪಾಲಿಶ್, ಕೊಟ್ಟ ಮನೆ, ಹೆಸರು ಹಾಕಿದ ಜಾಗದ ಒಂದು ಫೋಟೊ. ಮುಂದೆ ಯಾರಾದರೂ ನಿಮ್ಮ ಅಚ್ಚನ್ನು ನಕಲು ಮಾಡಿದರೆ ಉತ್ತರ ಹೇಳುವುದು ಈ ನೋಟ್‌ಬುಕ್. ಮಗನೋ ಮಗಳೋ ಕಸುಬು ಮುಂದುವರಿಸಿದರೆ ಅದೇ ಸಂಖ್ಯೆಯಿಂದ ಮುಂದುವರಿಸಬಹುದು. ಅಚ್ಚು ಮಾತ್ರ ಹೊಸದಾಗಲಿ, ಅಪ್ಪನ ಹೆಸರಿನ ಅಚ್ಚನ್ನು ಅಪ್ಪ ಮುಟ್ಟದ ಕೆಲಸದ ಮೇಲೆ ಒತ್ತುವುದು ಸರಿಯಲ್ಲ.

ಹಳೆಯ ಸಾಮಾನು ಇರುವ ಮನೆಯವರಿಗೆ

ಹೆಸರಿಲ್ಲದ ಹಳೆಯ ತೊಟ್ಟಿಲು, ಮಂಚ, ಪೆಟ್ಟಿಗೆಗಳು ಮನೆಯಲ್ಲಿದ್ದರೆ ಈಗ ಮಾಡಬಹುದಾದ ಕೆಲಸವೂ ಇದೆ. ನೆನಪಿರುವ ಹಿರಿಯರನ್ನು ಈ ವರ್ಷವೇ ಕೇಳಿ: ಯಾರು ಮಾಡಿದ್ದು, ಯಾವ ಮರ, ಯಾರ ಮದುವೆಗೋ ಬಾಣಂತನಕ್ಕೋ ಮಾಡಿಸಿದ್ದು, ಯಾವ ಊರಿನಿಂದ ಬಂದದ್ದು. ಕೇಳಿದ್ದನ್ನು ಸಾಮಾನಿನ ಮೇಲೆ ಬರೆಯಬೇಡಿ. ನೀವು ಬರೆದದ್ದನ್ನು ಮಾಡಿದವರೇ ಬರೆದರೆಂದು ಮುಂದಿನವರು ತಿಳಿಯಬಹುದು. ಒಳ್ಳೆಯ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಯಾರು ಹೇಳಿದ್ದು, ಯಾವ ದಿನ ಹೇಳಿದ್ದು ಎಂದೂ ಸೇರಿಸಿ. ಬಟ್ಟೆಯ ಚೀಲದಲ್ಲಿಟ್ಟು ಸಾಮಾನಿನ ಒಳಬದಿಗೆ ಕಟ್ಟಿ, ಇನ್ನೊಂದು ಪ್ರತಿಯನ್ನು ಮನೆಯ ಕಾಗದಪತ್ರಗಳ ಜೊತೆ ಇಡಿ. ಪಾಲಿಶ್‌ಗೆ ಕೊಡುವ ಮೊದಲು ಒಳಬದಿಯನ್ನೆಲ್ಲ ಟಾರ್ಚ್ ಹಾಕಿ ನೋಡಿ. ಬೆಳಕನ್ನು ಓರೆಯಾಗಿ ಹಿಡಿದರೆ ಮಾಸಿದ ಪೆನ್ಸಿಲ್ ಗೆರೆ, ಉಳಿಯ ಗುರುತು ಎದ್ದು ಕಾಣುತ್ತವೆ. ಅಂಥ ಯಾವುದೇ ಬರಹ ಸಿಕ್ಕರೆ, ಅದು ಬರಿಯ ಅಳತೆಯ ಅಂಕಿಯಾಗಿದ್ದರೂ, ಫೋಟೊ ತೆಗೆದುಕೊಂಡು ಅಷ್ಟು ಜಾಗವನ್ನು ಮಾತ್ರ ಉಜ್ಜಬೇಡಿರೆಂದು ಪಾಲಿಶ್‌ನವರಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ತೋರಿಸಿ.